ಟ್ರಾವೆಲರ್ಸ್ ಚೆಕ್: ನೆಚ್ಚಿ ಬಳಸಿದವನ ವಿಮರ್ಶೆ

ಕಳೆದುಹೋದರೂ ಹಣ ಮರಳಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕಾಗಿ ನಾನು ಹಲವು ವಿದೇಶ ಪ್ರವಾಸಗಳಲ್ಲಿ ನೋಟಿನ ಕಟ್ಟಿಗಿಂತ ಟ್ರಾವೆಲರ್ಸ್ ಚೆಕ್ಕುಗಳನ್ನೇ, ಅಂದರೆ ಮುಂಗಡವಾಗಿ ಹಣ ಕೊಟ್ಟು ಕೊಂಡು ಪರದೇಶದಲ್ಲಿ ನಗದು ಮಾಡಿಸಿಕೊಳ್ಳುವ ನಿಗದಿತ ಮುಖಬೆಲೆಯ ಚೆಕ್ಕುಗಳನ್ನೇ, ನೆಚ್ಚಿಕೊಂಡಿದ್ದೆ. ಖರೀದಿಸುವಾಗ ಪ್ರತಿ ಹಾಳೆಯ ಮೇಲೂ ಒಂದು ಸಹಿ ಹಾಕಬೇಕಿತ್ತು. ನಗದು ಪಡೆಯುವಾಗ ಹಣ ಕೊಡುವವರ ಕಣ್ಣೆದುರಿಗೇ ಎರಡನೆಯ ಸಹಿ ಹಾಕಬೇಕು. ಎರಡೂ ಹೊಂದಿಕೆಯಾದರೆ, ಸಾಮಾನ್ಯವಾಗಿ ಪಾಸ್‌ಪೋರ್ಟ್ ತೋರಿಸಿದ ಮೇಲೆ, ಹಣ ಕೈಸೇರುತ್ತಿತ್ತು. ಅವಸರದಲ್ಲಿ ಎರಡನೆಯ ಸಹಿಯನ್ನೂ ಮೊದಲೇ ಹಾಕಿಟ್ಟುಕೊಂಡವರು ಈ ವ್ಯವಸ್ಥೆಯ ರಕ್ಷಣೆಯನ್ನು ತಾವೇ ಕಳೆದುಕೊಂಡಂತೆ.

ಒಮ್ಮೆ ರೈಲಿನಲ್ಲಿ ನನ್ನ ಕೈಚೀಲ ಕಳೆದುಹೋದಾಗ, ಕ್ರಮಸಂಖ್ಯೆಗಳ ಪಟ್ಟಿ ಮತ್ತು ಖರೀದಿಯ ರಸೀದಿ ಬೇರೆ ಪೆಟ್ಟಿಗೆಯಲ್ಲಿದ್ದುದರಿಂದ ಮರುದಿನವೇ ಬದಲಿ ಚೆಕ್ಕುಗಳು ದೊರೆತವು. ಪರ ಊರಿನಲ್ಲಿ ದಿಕ್ಕು ತೋಚದೆ ನಿಂತವನಿಗೆ ಅದು ಎಂತಹ ಧೈರ್ಯವೆಂಬುದನ್ನು ಅನುಭವಿಸಿಯೇ ತಿಳಿಯಬೇಕು. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಈ ಚೆಕ್ಕುಗಳನ್ನು ಹೊರತಂದುದು ಕೂಡ ಇಂಥದೇ ಕಷ್ಟದಿಂದ: ಸಂಸ್ಥೆಯ ಅಧ್ಯಕ್ಷರು ಯುರೋಪ್ ಪ್ರವಾಸ ಹೋದಾಗ ದೊಡ್ಡ ನಗರಗಳ ಆಚೆಗೆ ಅವರ ಲೆಟರ್ ಆಫ್ ಕ್ರೆಡಿಟ್‌ಗೆ (ಇವರಿಗೆ ಹಣ ಕೊಡಿ ಎಂದು ಬ್ಯಾಂಕು ಹೊಣೆ ಹೊತ್ತು ಬರೆದುಕೊಡುವ ಪತ್ರಕ್ಕೆ) ಹಣ ಹುಟ್ಟಿರಲಿಲ್ಲ.

ಆದರೆ ಖರ್ಚಿನ ಲೆಕ್ಕದಲ್ಲಿ ಎಚ್ಚರ ಅಗತ್ಯವಾಗಿತ್ತು. ಕೊಳ್ಳುವಾಗ ಒಂದು ಕಮಿಷನ್, ನಗದು ಮಾಡಿಸುವಾಗ ಇನ್ನೊಂದು, ಜೊತೆಗೆ ವಿನಿಮಯ ದರದಲ್ಲಿ ಆಗುವ ಸೋರಿಕೆ. ಕೆಲವು ವಿನಿಮಯ ಕೇಂದ್ರಗಳು ಹಾಳೆಯೊಂದಕ್ಕೆ ಇಷ್ಟೆಂದೂ, ಕೆಲವು ವಹಿವಾಟಿಗೆ ಇಷ್ಟೆಂದೂ ಶುಲ್ಕ ಹಿಡಿಯುತ್ತಿದ್ದವು. ಮೊದಲನೆಯ ಬಗೆಯಲ್ಲಿ ಸಣ್ಣ ಮುಖಬೆಲೆಯ ಹಾಳೆಗಳು ದುಬಾರಿಯಾಗುತ್ತಿದ್ದವು. ಎರಡನೆಯ ಬಗೆಯಲ್ಲಿ ಬೇಕಾದಷ್ಟನ್ನು ಒಂದೇ ಸಲಕ್ಕೆ ಮಾಡಿಸಿಕೊಳ್ಳುವುದು ಲಾಭಕರವಾಗಿತ್ತು. ಹೋಗುವ ದೇಶದ ಕರೆನ್ಸಿಯಲ್ಲೇ ಚೆಕ್ ಸಿಗುವಂತಿದ್ದರೆ ಎರಡು ಸಲ ವಿನಿಮಯವಾಗುವ ನಷ್ಟ ತಪ್ಪುತ್ತಿತ್ತು. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುತ್ತಿರಲಿಲ್ಲ: ನಾವು ಮುಂಗಡವಾಗಿ ಕೊಟ್ಟ ಹಣ ಚೆಕ್ ಚಲಾವಣೆಯಾಗುವವರೆಗೂ ಬಡ್ಡಿಯಿಲ್ಲದೆ ಸಂಸ್ಥೆಯ ಬಳಿಯೇ ಇರುತ್ತಿತ್ತು, ಅದರ ಗಳಿಕೆ ಅವರದಾಗಿತ್ತು. ಹಾಗಿದ್ದೂ ನಮ್ಮಿಂದ ಕಮಿಷನ್ ಪಡೆಯುತ್ತಿದ್ದುದು ನ್ಯಾಯವೆಂದು ನನಗೆ ಎಂದೂ ಅನ್ನಿಸಿಲ್ಲ.

ಎಟಿಎಂ ಮತ್ತು ಕಾರ್ಡುಗಳು ಎಲ್ಲೆಡೆ ಹರಡಿದ ಮೇಲೆ ಅಂಗಡಿ, ಹೋಟೆಲುಗಳು ಈ ಚೆಕ್ಕುಗಳನ್ನು ತೆಗೆದುಕೊಳ್ಳುವುದನ್ನೇ ಬಿಟ್ಟವು. ನನ್ನ ಕೊನೆಯ ಪ್ರವಾಸದಲ್ಲಿ ಮೂರು ಬ್ಯಾಂಕುಗಳು ತಮ್ಮ ಗ್ರಾಹಕರಿಗೆ ಮಾತ್ರ ಈ ಸೇವೆಯೆಂದು ಹೇಳಿ ನನ್ನನ್ನು ಹಿಂದೆ ಕಳುಹಿಸಿದವು; ಕೈಯಲ್ಲಿ ಹಣವಿದ್ದೂ ಅರ್ಧ ದಿನ ಅಲೆದಾಟದಲ್ಲೇ ಕಳೆಯಿತು. ಇಂದು ಅಮೆರಿಕನ್ ಎಕ್ಸ್‌ಪ್ರೆಸ್ ಕೂಡ ಹೊಸ ಚೆಕ್ಕುಗಳನ್ನು ನೀಡುತ್ತಿಲ್ಲವಾದ್ದರಿಂದ ಮುಂದಿನ ಪ್ರವಾಸಕ್ಕೆ ಇದನ್ನು ಸೂಚಿಸಲಾರೆ. ಆದರೆ ಅದರ ಹಳೆಯ ಚೆಕ್ಕುಗಳಿಗೆ ಅವಧಿ ಮುಗಿಯುವುದೆಂಬುದಿಲ್ಲ. ಮನೆಯ ಕಪಾಟಿನಲ್ಲಿ ಬಳಸದ ಹಾಳೆಗಳು ಉಳಿದಿದ್ದರೆ ಎಸೆಯಬೇಡಿ. ಎರಡನೆಯ ಸಹಿಯ ಜಾಗವನ್ನು ಖಾಲಿಯಾಗಿಯೇ ಇಟ್ಟು, ಹಣ ಮರಳಿ ಪಡೆಯುವ ಕ್ರಮವನ್ನು ಆ ಚೆಕ್ ನೀಡಿದ ಸಂಸ್ಥೆಯಲ್ಲೇ ನೇರವಾಗಿ ವಿಚಾರಿಸಿ.