ಒಂದೇ ಗೋಡೆಗೆ ಮೂರು ಹಲಗೆ: ಹಳೆಯ ತೊಲೆ, ಹೊಸ ಮರ, ಪ್ಲೈವುಡ್

ಮನೆಯೊಳಗೆ ಮರವನ್ನು ಹೇಗೆಲ್ಲ ಬಳಸಬಹುದು ಎಂದು ತೋರಿಸುವ ಚಿತ್ರಗಳಲ್ಲಿ ಒಂದು ಸಣ್ಣ ಮೋಸವಿದೆ. ಅವೆಲ್ಲ ಕೆಲಸ ಮುಗಿದ ದಿನವೇ ತೆಗೆದವು. ಅಂದು ಯಾವ ಮರವಾದರೂ ಚೆನ್ನಾಗಿಯೇ ಕಾಣುತ್ತದೆ. ಹದಿನೆಂಟು ತಿಂಗಳು ಕಳೆದ ಮೇಲೆ ಅದೇ ಹಲಗೆ ಎತ್ತ ಬಾಗಿತು, ಎಲ್ಲಿ ಸೀಳಿತು, ಬಿಸಿ ಲೋಟ ಇಟ್ಟ ಜಾಗದಲ್ಲಿ ಎಂಥ ಬಳೆ ಮೂಡಿತು ಎಂಬುದನ್ನು ಯಾರೂ ತೋರಿಸುವುದಿಲ್ಲ.

ನಾನು ಬಡಗಿಯಲ್ಲ. ರಜೆಯ ದಿನ ಗರಗಸ ಹಿಡಿದು, ಬೆರಳಿಗೆ ಪಟ್ಟಿ ಸುತ್ತಿಕೊಂಡು ಸೋಮವಾರ ಕಚೇರಿಗೆ ಹೋಗುವವನು. ಓದುವ ಕೋಣೆಗೆ ಪುಸ್ತಕದ ಹಲಗೆ ಬೇಕಾದಾಗ ಯಾವ ಮರ ಎಂದು ತೀರ್ಮಾನವಾಗದೆ, ಮೂರನ್ನೂ ಮಾಡಿ ಒಂದೇ ಗೋಡೆಗೆ ಒಂದರ ಕೆಳಗೊಂದು ಹಾಕಿದೆ. ಮೂರೂ 90 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ. ಎರಡೂ ತುದಿಗೆ ಆಧಾರ, ನಡುವೆ ಏನೂ ಇಲ್ಲ. ಪ್ರತಿಯೊಂದರ ಮೇಲೂ ಸುಮಾರು 25 ಕಿಲೋ ಪುಸ್ತಕ. ತಿಂಗಳಿಗೊಮ್ಮೆ ಹಲಗೆಯ ಉದ್ದಕ್ಕೆ ದಾರ ಎಳೆದು ಕಟ್ಟಿ, ನಡುವಿನ ಸಂದನ್ನು ಅಳೆದು ಬರೆದಿಟ್ಟೆ. ಮನೆಯವರಿಗೆ ಇದೊಂದು ತಮಾಷೆಯಾಗಿತ್ತು.

ಮೇಲಿನದು ಹಳೆಯ ತೊಲೆ. ಕೆಡವಿದ ಮನೆಯೊಂದರದು. ಕೈಗೆ ಬಂದಾಗ ಅದರ ಮೇಲೆ ಸುಣ್ಣ, ಮಸಿ, ಎರಡು ಪದರ ಬಣ್ಣ ಎಲ್ಲವೂ ಇದ್ದವು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಹಾಗಾಗಿ ಉಪ್ಪುಕಾಗದದಿಂದ ಒಣಗಿದ್ದಂತೆಯೇ ಉಜ್ಜಿ ದೂಳೆಬ್ಬಿಸದೆ, ಒದ್ದೆ ಮಾಡಿಕೊಂಡು ಕೆರೆದು ತೆಗೆದೆ. ಎರಡು ರಜೆ ಅದಕ್ಕೇ ಹೋಯಿತು. ಮೂರನೆಯ ವಾರ ಹತ್ತರಿ ಹೊಡೆಯುವಾಗ ಟಣ್ ಎಂದು ಸದ್ದು. ತಲೆ ಮುರಿದುಹೋಗಿ ಹೊರಗೆ ಕಾಣದೆ ಉಳಿದಿದ್ದ ಮೊಳೆಯೊಂದು ಹತ್ತರಿಯ ಅಲಗಿಗೆ ಅರ್ಧಚಂದ್ರದ ಹಲ್ಲು ಕೊಟ್ಟಿತ್ತು. ಅದಾದ ಮೇಲೆ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಮೇಲೆ ಇಂಚಿಂಚೂ ಓಡಾಡಿಸಿದೆ. ಹನ್ನೊಂದು ಮೊಳೆ ಸಿಕ್ಕವು.

ಮೊಳೆ ಕಿತ್ತ ಪ್ರತಿ ತೂತಿನ ಸುತ್ತಲೂ ನೀಲಿಗಪ್ಪು ಕಲೆ. ಕಬ್ಬಿಣವೂ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವೂ ತೇವದಲ್ಲಿ ಸೇರಿದರೆ ಹೀಗಾಗುತ್ತದೆ. ಹಿಂದಿನವರು ಬರೆಯುತ್ತಿದ್ದ ಒಂದು ಬಗೆಯ ಶಾಯಿಯೂ ಇದೇ ಕೂಡಿಕೆಯಿಂದ ಹುಟ್ಟಿದ್ದು. ಮೊದಲು ಆ ಕಲೆಗಳನ್ನು ಉಜ್ಜಿ ತೆಗೆಯಬೇಕೆಂದಿದ್ದೆ. ಎಣ್ಣೆ ಸವರಿ ನೋಡಿದ ಮೇಲೆ ಆ ಯೋಚನೆ ಬಿಟ್ಟೆ. ಕೆಂಗಂದು ಚೇಗಿನ ನಡುವೆ ಆ ಕಪ್ಪು, ಯಾರೋ ಹುಡುಕಿ ಹುಡುಕಿ ಇಟ್ಟ ಬೊಟ್ಟಿನಂತಿದೆ.

ಸೌಂದರ್ಯ ಹಾಗಿರಲಿ, ಅಳತೆಯಲ್ಲೂ ಅದೇ ಗೆದ್ದಿತು. ದಶಕಗಳಿಂದ ಒಣಗುತ್ತಲೇ ಇದ್ದ ಮರ. ತಿರುಚಿಕೊಳ್ಳುವುದೇನಿತ್ತೋ ಎಲ್ಲವನ್ನೂ ಯಾವುದೋ ಸೂರಿನ ಕೆಳಗೆ ತಿರುಚಿಕೊಂಡು ಮುಗಿಸಿತ್ತು. ಸೀಳಿ, ಹದ ಮಾಡಿದ ಮೇಲೆ ಉಳಿದದ್ದು 40 ಮಿಲಿಮೀಟರ್ ದಪ್ಪ. ಹದಿನೆಂಟು ತಿಂಗಳಲ್ಲಿ ದಾರಕ್ಕೂ ಹಲಗೆಗೂ ನಡುವೆ ಒಂದು ಕಾಗದ ತೂರಿಸುವಷ್ಟು ಸಂದೂ ಬರಲಿಲ್ಲ. ಕುಟ್ಟೆ ಹುಳುವಿನ ಹಳೆಯ ತೂತುಗಳು ಕೆಲವಿದ್ದವು. ಕೆಳಗೆ ಕರಿಯ ಕಾಗದ ಹಾಸಿ ತಿಂಗಳುಗಟ್ಟಲೆ ನೋಡಿದೆ, ಹೊಸ ಹಿಟ್ಟು ಉದುರಲಿಲ್ಲ. ಉದುರಿದ್ದರೆ ಅದನ್ನು ಪುಸ್ತಕದ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ.

ನಡುವಿನದು ಹೊಸ ಮರದ ಒಂದೇ ಅಗಲದ ಹಲಗೆ, 22 ಮಿಲಿಮೀಟರ್ ದಪ್ಪ. ಭಾರಕ್ಕೆ ಬಾಗಿದ್ದು ಒಂದು ಮಿಲಿಮೀಟರ್ ಚಿಲ್ಲರೆ, ಅದು ಲೆಕ್ಕಕ್ಕಿಲ್ಲ. ಆದರೆ ಅಗಲಕ್ಕೆ ಬಾಗಿತು: ಎರಡೂ ಅಂಚು ಮೇಲೆದ್ದು, ದೋಣಿಯ ಹಾಗೆ, 4 ಮಿಲಿಮೀಟರ್. ತಪ್ಪು ಮರದ್ದಲ್ಲ, ನನ್ನದು. ಮರ ಒಣಗುವಾಗ ಅದರ ಉಂಗುರಗಳು ಬಾಗು ಬಿಟ್ಟು ನೆಟ್ಟಗಾಗಲು ನೋಡುತ್ತವೆ, ಹಾಗಾಗಿ ಹಲಗೆಯ ತೊಗಟೆ ಕಡೆಯ ಮುಖ ತಗ್ಗಾಗುತ್ತದೆ. ಆ ಮುಖವನ್ನೇ ನಾನು ಮೇಲಕ್ಕೆ ಇಟ್ಟಿದ್ದೆ. ಸಾಲದ್ದಕ್ಕೆ ಎಣ್ಣೆಯನ್ನು ಕಾಣುವ ಕಡೆ ಮಾತ್ರ ಬಳಿದು, ಕೆಳಗಿನ ಮುಖವನ್ನು ಯಾರು ನೋಡುತ್ತಾರೆ ಎಂದು ಬಿಟ್ಟಿದ್ದೆ. ಯಾರೂ ನೋಡಲಿಲ್ಲ, ಹವೆಯ ತೇವ ನೋಡಿತು. ಒಂದು ಮುಖ ತೇವವನ್ನು ಒಂದು ವೇಗದಲ್ಲಿ, ಇನ್ನೊಂದು ಮುಖ ಮತ್ತೊಂದು ವೇಗದಲ್ಲಿ ಕೊಟ್ಟು ತೆಗೆದುಕೊಳ್ಳತೊಡಗಿದರೆ ಹಲಗೆ ನೆಟ್ಟಗೆ ಕೂರುವುದಾದರೂ ಹೇಗೆ?

ಕೆಳಗಿನದು ಪ್ಲೈವುಡ್, 18 ಮಿಲಿಮೀಟರ್. ಪ್ಲೈವುಡ್ ಎಂದರೆ ಮೂಗು ಮುರಿಯುವವರಿದ್ದಾರೆ, ನಾನೂ ಅವರಲ್ಲೊಬ್ಬನಾಗಿದ್ದೆ. ಆದರೆ ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವರ್ ಆಲ್ಟೊ 1930ರ ದಶಕದ ಆರಂಭದಲ್ಲೇ ಅದನ್ನು ಸುರುಳಿಯಂತೆ ಬಗ್ಗಿಸಿ ಪೈಮಿಯೊ ಕುರ್ಚಿ ಮಾಡಿದ. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1940ರ ದಶಕದಲ್ಲಿ ಅದನ್ನು ಬೆನ್ನಿಗೂ ಸೊಂಟಕ್ಕೂ ಒಪ್ಪುವಂತೆ ಅಚ್ಚೊತ್ತಿದರು. ಅಗಲದ ಹಲಗೆಯಿಂದ ಆಗದ ಕೆಲಸ ಅದು. ತೆಳುವಾದ ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿರುವುದರಿಂದ ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಬಿಡುವುದಿಲ್ಲ. ನನ್ನ ಹಲಗೆಯ ಅಗಲ ಎಲ್ಲ ಕಾಲದಲ್ಲೂ ಒಂದೇ ಇತ್ತು, ಡೊಂಕಾಗಲಿಲ್ಲ.

ಸೋತದ್ದು ಭಾರಕ್ಕೆ. ಏಳನೆಯ ತಿಂಗಳಿಗೆ ನಡುವೆ 5 ಮಿಲಿಮೀಟರ್ ಜೋತುಬಿದ್ದಿತ್ತು. ಐದು ಮಿಲಿಮೀಟರ್ ಎಂದರೆ ಕಡಿಮೆಯೇ, ಆದರೆ ಕಣ್ಣು ಅದನ್ನು ಬಾಗಿಲಲ್ಲೇ ಹಿಡಿಯುತ್ತದೆ. ಹಲಗೆಯ ದಪ್ಪ ಎರಡರಷ್ಟಾದರೆ ಬಾಗು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಉದ್ದ ಎರಡರಷ್ಟಾಗಿ ಅದರ ತುಂಬ ಪುಸ್ತಕ ಜೋಡಿಸಿದರೆ ಬಾಗು ಹದಿನಾರು ಪಟ್ಟು. ಈ ಲೆಕ್ಕ ಮೊದಲೇ ಗೊತ್ತಿದ್ದರೆ ನಡುವೆ ಒಂದು ಆಧಾರ ಕೊಡುತ್ತಿದ್ದೆ. ಕೊನೆಗೆ ಹಲಗೆಯನ್ನು ಮಗುಚಿ ಹಾಕಿ, ಮುಂದಿನ ಅಂಚಿಗೆ 40 ಮಿಲಿಮೀಟರ್ ಎತ್ತರದ ಗಟ್ಟಿಮರದ ಪಟ್ಟಿ ಅಂಟಿಸಿದೆ. ಜೋತು ಬೀಳುವುದು ಅರ್ಧಕ್ಕಿಂತ ಕಡಿಮೆಯಾಯಿತು, ಪ್ಲೈವುಡ್ಡಿನ ಪದರಗಳೂ ಮುಚ್ಚಿಹೋದವು. ಈಗ ನೋಡಿದವರು ಅದನ್ನು ದಪ್ಪ ಹಲಗೆ ಎಂದೇ ತಿಳಿಯುತ್ತಾರೆ. ನಾನು ತಿದ್ದುವುದಿಲ್ಲ.

ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ, ಏಕೆ ಇಲ್ಲ ಎಂದರೆ, ಅದನ್ನು ಇನ್ನೊಂದು ಕೋಣೆಯಲ್ಲಿ ಆಗಲೇ ನೋಡಿಯಾಗಿತ್ತು. ಬಣ್ಣ ಹಚ್ಚಿದರೆ ನುಣುಪು ಅದರದ್ದೇ. ಆದರೆ ಅಂಚಿಗೆ ಒಮ್ಮೆ ನೀರು ತಾಗಿ ಉಬ್ಬಿದರೆ ಅದು ಮತ್ತೆ ಇಳಿಯುವುದಿಲ್ಲ.

ಮೇಜಿನ ವಿಷಯದಲ್ಲಿ ಪೆಟ್ಟು ತಿಂದೆ. ತೊಗಟೆಯ ಅಂಚನ್ನು ಹಾಗೇ ಉಳಿಸಿದ ಇಡೀ ದಿಮ್ಮಿಯ ಹಲಗೆಗೆ ಕಬ್ಬಿಣದ ಕಾಲು ಕೊಟ್ಟು ಮೇಜು ಮಾಡಬೇಕೆಂಬ ಆಸೆ. 5 ಸೆಂಟಿಮೀಟರ್ ದಪ್ಪ, 60 ಸೆಂಟಿಮೀಟರ್ ಅಗಲ. ಯಾವ ಮರ ಎಂದು ಮಾರಿದವನಿಗೂ ಗೊತ್ತಿರಲಿಲ್ಲ. ಒಣಗಿದೆ ಎಂದು ಮಾತ್ರ ಆಣೆ ಮಾಡಿದ. ಬಯಲ ಗಾಳಿಯಲ್ಲಿ ಒಣಗುವ ಹಲಗೆಗೆ ಇಂಚಿಗೊಂದು ವರ್ಷ ಎಂಬುದು ಬಡಗಿಗಳ ಸ್ಥೂಲ ಲೆಕ್ಕ. ಇದಕ್ಕೆ ಎರಡು ವರ್ಷ ಬೇಕಿತ್ತು, ಸೀಳಿ ಎಂಟೇ ತಿಂಗಳಾಗಿತ್ತು ಎಂದು ಆಮೇಲೆ ತಿಳಿಯಿತು. ನಾನು ಮಾಡಿದ ಇನ್ನೊಂದು ಅನಾಹುತವೆಂದರೆ ಎಂಟು ಸ್ಕ್ರೂ ಹಾಕಿ ಅದನ್ನು ಚೌಕಟ್ಟಿಗೆ ಅಲುಗಾಡದಂತೆ ಬಿಗಿದದ್ದು. ಒಣ ಹವೆ ಶುರುವಾದ ಒಂದು ರಾತ್ರಿ ಪಕ್ಕದ ಕೋಣೆಯಲ್ಲಿ ಸೌದೆ ಸೀಳಿದಂಥ ಸದ್ದು. ಬೆಳಿಗ್ಗೆ ನೋಡಿದರೆ ತುದಿಯಿಂದ ಮೊಳದುದ್ದದ ಬಿರುಕು, ಒಳಗೆ ಪೋಸ್ಟ್ ಕಾರ್ಡ್ ತೂರಿಸಬಹುದು.

ಬಿರುಕಿಗೆ ಅಡ್ಡವಾಗಿ ಡಮರುಗದ ಆಕಾರದ ಎರಡು ಮರದ ಕೀಲು ಕೂರಿಸಿದೆ. ಅಮೆರಿಕದ ಜಾರ್ಜ್ ನಕಾಶಿಮಾ ಇಂಥ ಕೀಲನ್ನೇ ತನ್ನ ಮೇಜುಗಳ ಗುರುತಾಗಿಸಿಕೊಂಡವನು. ಬಿರುಕನ್ನು ಮುಚ್ಚಿಡದೆ, ಇಗೋ ಇಲ್ಲಿದೆ ಎಂದು ತೋರಿಸುತ್ತಿದ್ದ. ನನ್ನ ಕೀಲುಗಳಲ್ಲಿ ಒಂದು ಸರಿಯಾಗಿ ಕೂತಿದೆ. ಇನ್ನೊಂದರ ಸುತ್ತ ಮರದ ಹೊಟ್ಟು ಮತ್ತು ಅಂಟು ಕಲಸಿ ಮೆತ್ತಿದ್ದೇನೆ. ಚೌಕಟ್ಟಿನ ತೂತುಗಳನ್ನು ಅಡ್ಡಕ್ಕೆ ಉದ್ದವಾಗಿ ಕೊರೆದು, ಸ್ಕ್ರೂ ಹಿಡಿದಿದ್ದರೂ ಹಲಗೆ ಜರುಗುವಂತೆ ಮಾಡಿದೆ. ಬಿರುಕು ಅಲ್ಲಿಗೇ ನಿಂತಿತು. ಆಮೇಲೆ ಅಳೆದಾಗ ಅಗಲ ಒಣ ದಿನಗಳಲ್ಲಿ 598, ತೇವದ ದಿನಗಳಲ್ಲಿ 603 ಮಿಲಿಮೀಟರ್. ಆ ಐದು ಮಿಲಿಮೀಟರಿಗೆ ನಾನು ಜಾಗವನ್ನೇ ಇಟ್ಟಿರಲಿಲ್ಲ.

ಎರಡನೆಯ ಮೇಜಿಗೆ ಪಟ್ಟಿಗಳನ್ನು ಅಂಟಿಸಿದೆ. ದಪ್ಪ ಹಲಗೆಯನ್ನು ಉದ್ದುದ್ದಕ್ಕೆ ಸೀಳಿ, ಪ್ರತಿ ಪಟ್ಟಿಯನ್ನೂ ಮಗ್ಗುಲು ತಿರುಗಿಸಿ, ತುದಿಯಲ್ಲಿ ಕಾಣುವ ಉಂಗುರದ ಗೆರೆಗಳು ನಿಂತಿರುವಂತೆ ಜೋಡಿಸಿದ್ದು. ಮರ ಉಂಗುರದ ಗುಂಟ ಹಿಗ್ಗುವುದು ಹೆಚ್ಚು, ಉಂಗುರಕ್ಕೆ ಅಡ್ಡವಾಗಿ ಹಿಗ್ಗುವುದು ಸುಮಾರು ಅದರ ಅರ್ಧ. ಅಷ್ಟೇ ಅಗಲದ ಈ ಮೇಜಿನಲ್ಲಿ ಏರಿಳಿತ ಎರಡೂವರೆ ಮಿಲಿಮೀಟರ್ ಮಾತ್ರ. ಅಂಟು ಬಿಟ್ಟೀತು ಎಂಬ ಭಯಕ್ಕೆ ಉಳಿದ ತುಂಡೊಂದನ್ನು ಮೊಣಕಾಲಿಗೆ ಒತ್ತಿ ಮುರಿದು ನೋಡಿದೆ: ಮುರಿದದ್ದು ಅಂಟಿನ ಗೆರೆಯಲ್ಲಲ್ಲ, ಪಕ್ಕದ ಮರದಲ್ಲಿ. ಬಂದವರು ಕೈ ಸವರುವುದು ಈಗಲೂ ಬಿರುಕಿನ ಮೇಜನ್ನೇ. ನಾನು ಬರೆಯಲು ಕೂರುವುದು ಇದರ ಮೇಲೆ, ಪೆನ್ನು ಉರುಳುವುದಿಲ್ಲ.

ಗೋಡೆಯ ಹೊದಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರಕು ಸಾಗಿಸುವ ಪ್ಯಾಲೆಟ್ ಬಿಚ್ಚಿದ ಪಟ್ಟಿಗಳನ್ನೂ, ಜಪಾನಿನ ಯಾಕಿಸುಗಿ ರೀತಿಯಲ್ಲಿ ಮೇಲ್ಮೈ ಸುಟ್ಟು ಕರಿ ಮಾಡಿದ ಹಲಗೆಗಳನ್ನೂ ಅಕ್ಕಪಕ್ಕ ಹಾಕಿದೆ. ಪ್ಯಾಲೆಟ್ಟಿನಲ್ಲಿ ಎಚ್‌ಟಿ ಮುದ್ರೆ ಇರುವುದನ್ನೇ ಆರಿಸಬೇಕು. ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯ್ದಿದೆ ಎಂಬ ಗುರುತು ಅದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಮನೆಯೊಳಗೆ ಬೇಡ. ಸುಟ್ಟ ಹಲಗೆ ನೋಡಲು ಮೊಸಳೆಯ ಬೆನ್ನಿನಂತೆ ಸೊಗಸು, ಆದರೆ ಎಷ್ಟು ಬ್ರಷ್ ಹಾಕಿದರೂ ಒರಗಿದವರ ಅಂಗಿಗೆ ಮಸಿ. ಮನೆಯ ಹೊರಗೋಡೆಗೆ ಹುಟ್ಟಿದ ವಿದ್ಯೆ ಅದು, ಹೊರಗೇ ಇರಲಿ. ಕಿತ್ತು ಹಾಕಿದೆ.

ಇನ್ನು ಮೇಲ್ಲೇಪ. ಒಂದೇ ಹಲಗೆಯನ್ನು 180ರ ಉಪ್ಪುಕಾಗದದವರೆಗೆ ಉಜ್ಜಿ, ಗೆರೆ ಎಳೆದು, ಮೂರು ಪಾಲು ಮಾಡಿದೆ: ಅಗಸೆ ಎಣ್ಣೆ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಗೆಯ ವಾರ್ನಿಷ್. ಮೂರಕ್ಕೂ ಮೂರು ಸಲ ಕೈ ಹಾಕಿದೆ. ಆಮೇಲೆ ಹನಿ ನೀರು, ಬಿಸಿ ಲೋಟ, ಚಾಕುವಿನ ಗೀರು.

ಎಣ್ಣೆಯ ಪಾಲಿನಲ್ಲಿ ನೀರು ಹತ್ತು ನಿಮಿಷಕ್ಕೆ ಕಪ್ಪು ಗುರುತು ಬಿಟ್ಟಿತು, ಇನ್ನೊಮ್ಮೆ ಎಣ್ಣೆ ಸವರಿದಾಗ ಹೋಯಿತು. ಗೀರೂ ಹಾಗೆಯೇ. ಅರಗಿನ ಹೊಳಪಿಗೆ ಸಾಟಿ ಇಲ್ಲ, ಮರದ ಒಳಗೆ ದೀಪ ಹಚ್ಚಿಟ್ಟಂತೆ. ಆದರೆ ಬಿಸಿ ಲೋಟಕ್ಕೆ ಕೂಡಲೇ ಬಿಳಿಯ ಬಳೆ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಮಾಯ, ಏಕೆಂದರೆ ಹಳೆಯ ಅರಗು ಮತ್ತೆ ಕರಗಿ ಹರಡಿಕೊಳ್ಳುತ್ತದೆ. ಪಾಲಿಯುರೆಥೇನ್ ನೀರಿಗೂ ಬಿಸಿಗೂ ಜಗ್ಗಲಿಲ್ಲ. ಚಾಕು ಗೀರಿದ ಮೇಲೆ ಮಾತ್ರ ತೇಪೆ ಹಾಕಲು ಬರುವುದಿಲ್ಲ. ತೇಪೆ ಎದ್ದು ಕಾಣುತ್ತದೆ, ಇಡೀ ಮೇಲ್ಮೈ ಉಜ್ಜಬೇಕು. ನಾನೀಗ ಹಲಗೆಗಳಿಗೆ ಎಣ್ಣೆ, ಲೋಟ ಬೀಳುವ ಮೇಜಿಗೆ ಪಾಲಿಯುರೆಥೇನ್, ಯಾರೂ ಮುಟ್ಟದ ಕನ್ನಡಿಯ ಚೌಕಟ್ಟಿಗೆ ಅರಗು ಹಾಕುತ್ತೇನೆ.

ಎಣ್ಣೆ ಬಳಸುವವರಿಗೆ ಒಂದು ಮಾತು. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಮುದುಡಿ ಎಸೆದ ಎಣ್ಣೆಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಇದನ್ನು ಓದಿ ನಂಬದೆ, ಮೂಲೆಗೆ ಹಾಕಿದ್ದ ನನ್ನ ಬಟ್ಟೆಯುಂಡೆಯನ್ನು ಒಂದು ಗಂಟೆ ಬಿಟ್ಟು ಎತ್ತಿದೆ. ಆಗತಾನೇ ಇಸ್ತ್ರಿ ಮಾಡಿದಷ್ಟು ಬೆಚ್ಚಗಿತ್ತು.

ತೊಲೆಯ ಎರಡು ತುಂಡು ಇನ್ನೂ ಉಳಿದಿವೆ. ಅವುಗಳಿಂದ ಕಾಲು, ಮೇಲೆ ಪ್ಲೈವುಡ್ಡಿನ ಮಣೆ, ಸುತ್ತ ಗಟ್ಟಿಮರದ ಅಂಚು, ಹೀಗೊಂದು ಸ್ಟೂಲ್ ಮಾಡಲು ಬರುವ ರಜೆಗೆ ಗುರುತು ಹಾಕಿಟ್ಟಿದ್ದೇನೆ. ಅಯಸ್ಕಾಂತ ಓಡಾಡಿಸಿದ್ದಾಯಿತು. ಎಣ್ಣೆಬಟ್ಟೆಗೆಂದು ಬಕೆಟ್ಟಿನಲ್ಲಿ ನೀರು ತುಂಬಿಟ್ಟಿದ್ದೂ ಆಯಿತು.