ಕೌಲ್ ಬಜಾರ್‌ನ ಒಗ್ಗರಣೆ ಅಂಗಡಿಯಲ್ಲಿ ಏಳನೇ ಇನಿಂಗ್ಸ್

ಈ ಅಂಗಡಿಗೆ ಬೋರ್ಡ್ ಇಲ್ಲ. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ, ಜೀನ್ಸ್ ಹೊಲಿಯುವವರ ಗಲ್ಲಿಗೆ ತಿರುಗುವ ಮೂಲೆಯಲ್ಲಿದೆ. ತಗಡಿನ ಶೆಡ್ಡು, ಮುಂದೆ ದೊಡ್ಡ ಬಾಣಲೆ, ಒಳಗೆ ನಾಲ್ಕು ಬೆಂಚು. ನಮ್ಮಪ್ಪ ಇಪ್ಪತ್ತು ವರ್ಷದಿಂದ ಬೆಳಗಿನ ತಿಂಡಿಗೆ ಇಲ್ಲಿಗೇ ಬರುತ್ತಾರೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಹೇಗಿರುತ್ತವೆ ಅಂತ ಆಮೇಲೆ ಹೇಳುತ್ತೇನೆ. ಮೊದಲು 2025ರ ಅಕ್ಟೋಬರ್ 21ರ ಬೆಳಗ್ಗೆ ಇಲ್ಲಿ ಏನಾಯಿತು ಅಂತ ಹೇಳಬೇಕು.

ನಾನು ಟೊರಾಂಟೊದಲ್ಲಿ ಎರಡು ವರ್ಷ ಓದಿದೆ. ಬೇಸ್‌ಬಾಲ್ ಹುಚ್ಚು ಹತ್ತಿದ್ದು ಅಲ್ಲೇ. ರೋಜರ್ಸ್ ಸೆಂಟರ್ ಸ್ಟೇಡಿಯಂನಲ್ಲಿ ಎಲ್ಲಕ್ಕಿಂತ ಮೇಲೆ 500ರ ಸೆಕ್ಷನ್ ಇದೆ. ಕಡಿಮೆ ದರದ ಟಿಕೆಟ್ ಸಿಕ್ಕಾಗಲೆಲ್ಲ ಅಲ್ಲಿ ಕೂರುತ್ತಿದ್ದೆ. ಚಾವಣಿ ತೆಗೆದ ದಿನ ಸಿಎನ್ ಟವರ್ ತಲೆ ಮೇಲೆಯೇ ನಿಂತ ಹಾಗೆ ಕಾಣುತ್ತದೆ. ಈಗ ಊರಿಗೆ ಬಂದು ಅಪ್ಪನ ಜೀನ್ಸ್ ಯೂನಿಟ್ಟಿನ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಟೊರಾಂಟೊದ ಬ್ಲೂ ಜೇಸ್ ಟೀಮನ್ನು ಮಾತ್ರ ಬಿಟ್ಟಿಲ್ಲ. ಈ ಟೀಮು ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲ್ ಫೈನಲ್, ಕೊನೆಯ ಸಲ ಆಡಿ ಗೆದ್ದದ್ದು 1993ರಲ್ಲಿ. ನಾನಾಗ ಹುಟ್ಟಿರಲಿಲ್ಲ. ಆಮೇಲೆ ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ.

ಅವತ್ತು ದೀಪಾವಳಿ ಅಮಾವಾಸ್ಯೆ. ಸಿಯಾಟಲ್ ಮ್ಯಾರಿನರ್ಸ್ ಮೇಲೆ ಸೆಮಿಫೈನಲ್‌ನಂಥ ಸರಣಿಯ ಏಳನೇ, ಕೊನೆಯ ಪಂದ್ಯ. ಗೆದ್ದವರು ವರ್ಲ್ಡ್ ಸೀರೀಸ್‌ಗೆ, ಸೋತವರು ಮನೆಗೆ. ನಮ್ಮವರು ಸ್ವಂತ ಊರಲ್ಲೇ ಮೊದಲ ಎರಡೂ ಪಂದ್ಯ ಸೋತು, ಹೆಂಗೋ ಇಲ್ಲಿವರೆಗೆ ಎಳೆದುಕೊಂಡು ಬಂದಿದ್ದರು. ಅಲ್ಲಿ ರಾತ್ರಿ ಎಂಟು ಅಂದರೆ ನಮಗೆ ಬೆಳಗ್ಗೆ ಐದೂವರೆ. ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಐದನೇ ಇನಿಂಗ್ಸ್‌ನಲ್ಲಿ ಅವರ ಕ್ಯಾಲ್ ರಾಲಿ ಹೋಮ್ ರನ್ ಹೊಡೆದು ಸಿಯಾಟಲ್ 3-1 ಮಾಡಿತು. ಅದೇ ಹೊತ್ತಿಗೆ ಮನೆಯ ಇಂಟರ್ನೆಟ್ ಹೋಯಿತು. ಕಂಪನಿಯವರಿಗೆ ಐದು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದೇ ಇಲ್ಲ. ನನ್ನ ಮುಖ ನೋಡಿ ಅಪ್ಪ ಚಪ್ಪಲಿ ಮೆಟ್ಟಿಕೊಂಡರು. "ನಡಿ, ಅಂಗಡಿ ಹತ್ರ ಸಿಗ್ನಲ್ ಚೊಲೊ ಐತೆ" ಅಂದರು.

ಅಂಗಡಿ ಮಾಮನಿಗೆ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಫೋನಿನಲ್ಲಿ ಚಾರ್ಜ್ ಕಮ್ಮಿ ಇತ್ತು. ಅಂಗಡಿಯಲ್ಲಿ ಇರುವುದು ಒಂದೇ ಪ್ಲಗ್. ಅವರು ಫ್ಯಾನಿನ ವೈರ್ ಕಿತ್ತು ನನ್ನ ಚಾರ್ಜರ್ ಹಾಕಿದರು. ಪುಟಾಣಿ ಪುಡಿಯ ಡಬ್ಬಿಗೆ ಫೋನ್ ಆನಿಸಿ ನಿಲ್ಲಿಸಿದರು. ಬಾಣಲೆ ಮುಂದೆ ಕೂತು ಬೆವರುವುದು ಅವರ ತಾಯಿ. ಆ ಅಜ್ಜಿಯೂ ಫ್ಯಾನ್ ಬೇಕು ಅನ್ನಲಿಲ್ಲ.

"ಇದೇನವ್ವಾ, ಕ್ರಿಕೆಟ್ಟಾ?" ಅಂತ ಹೊಲಿಗೆಯ ಹುಡುಗರು ಸುತ್ತ ಕೂತರು. ನಾಲ್ಕು ಸ್ಟೀಲ್ ಲೋಟ ಇಟ್ಟು ತೋರಿಸಿದೆ. ಇದು ಹೋಮ್, ಇದು ಒಂದನೇ ಬೇಸ್, ಎರಡು, ಮೂರು. ಸುತ್ತು ಹಾಕಿ ವಾಪಸ್ ಹೋಮ್‌ಗೆ ಬಂದರೆ ಒಂದು ರನ್. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ, ಆದರೆ ಬೇಸ್‌ಗಳ ಮೇಲೆ ನಿಂತವರೆಲ್ಲ ಜೊತೆಗೆ ಬರುತ್ತಾರೆ. ಎಷ್ಟು ಜನ ನಿಂತಿದ್ದಾರೆ ಅನ್ನುವುದರ ಮೇಲೆ ಲೆಕ್ಕ.

ಏಳನೇ ಇನಿಂಗ್ಸ್. ನಮ್ಮ ಬಾರ್ಗರ್ ವಾಕ್ (ಎಸೆತ ನಾಲ್ಕು ಸಲ ದಾರಿ ತಪ್ಪಿದರೆ ಸಿಗುವ ಪುಕ್ಕಟೆ ಬೇಸ್) ಪಡೆದು ಒಂದನೇ ಬೇಸ್‌ಗೆ ಹೋದ. ಕೈನರ್-ಫಲೇಫಾ ಹೊಡೆದು ಬೇಸ್ ಮೇಲೆ ನಿಂತ. ತಿಂದು ಬಿಟ್ಟ ಎರಡು ಮಿರ್ಚಿ ತೊಟ್ಟುಗಳನ್ನು ಲೋಟದ ಪಕ್ಕ ಇಟ್ಟೆ. ಆಮೇಲೆ ಹಿಮೆನೆಜ್ ಚೆಂಡನ್ನು ಮೆಲ್ಲಗೆ ಮುಟ್ಟಿ ಕೆಳಗೆ ಬಿಟ್ಟ. ಇದಕ್ಕೆ ಬಂಟ್ ಅನ್ನುತ್ತಾರೆ. ಅವನು ಔಟ್, ಆದರೆ ಮುಂದಿನ ಇಬ್ಬರೂ ಒಂದೊಂದು ಬೇಸ್ ಸರಿದರು. "ತಾನು ಹೋಗಿ ಅವರನ್ನ ದಾಟಿಸಿದ ನೋಡು" ಅಂದರು ಅಜ್ಜಿ. ಎಷ್ಟೋ ಸಲ ಗೆಳತಿಯರಿಗೆ ಬಂಟ್ ಏನು ಅಂತ ಹೇಳಲು ಒದ್ದಾಡಿದ್ದೇನೆ. ಅಜ್ಜಿ ಜಾಲರಿ ಸೌಟು ಹಿಡಿದುಕೊಂಡೇ ಒಂದು ಮಾತಿನಲ್ಲಿ ಹೇಳಿಬಿಟ್ಟರು.

ಈಗ ಬ್ಯಾಟಿಗೆ ಜಾರ್ಜ್ ಸ್ಪ್ರಿಂಗರ್. ವಯಸ್ಸು 36. ಐದನೇ ಪಂದ್ಯದಲ್ಲಿ ಮೊಣಕಾಲಿಗೆ ಚೆಂಡು ಬಡಿದು ಆಟ ಬಿಟ್ಟು ಹೋಗಿದ್ದವನು. ಸಿಯಾಟಲ್‌ನವರು ಪಿಚರ್ (ಚೆಂಡು ಎಸೆಯುವವನು) ಬದಲಿಸಿ ಬಸಾರ್ಡೊನನ್ನು ತಂದರು. ಬ್ಯಾಟಿಗೆ ಚೆಂಡು ಬಡಿದದ್ದು ಕಂಡಿತು. ಅಷ್ಟಕ್ಕೇ ಚಿತ್ರ ನಿಂತಿತು. ಸ್ಕ್ರೀನ್ ಮೇಲೆ ಬರೀ ಆ ಸುತ್ತುವ ಗೆರೆ. ಹುಡುಗರು "ಅಯ್ಯೋ" ಅಂದರು. ಆದರೆ ಧ್ವನಿ ನಿಂತಿರಲಿಲ್ಲ. ಆ ಜನರ ಕೂಗು ಕೇಳಿದ ಕೂಡಲೇ ನನಗೆ ಗೊತ್ತಾಯಿತು. 500ರ ಸೆಕ್ಷನ್‌ನಲ್ಲಿ ಕೂತವರಿಗೆ ಆ ಕೂಗು ಚೆನ್ನಾಗಿ ಗೊತ್ತು. ಮೇಲಿನ ಕಾಂಕ್ರೀಟೇ ನಡುಗುತ್ತದೆ. ನಾನು ಅಳುತ್ತಾ ಎದ್ದು ನಿಂತಿದ್ದೆ. ಅಪ್ಪ ನನ್ನ ಭುಜ ಹಿಡಿದುಕೊಂಡಿದ್ದರು. ಚಿತ್ರ ವಾಪಸ್ ಬಂದಾಗ ಸ್ಪ್ರಿಂಗರ್ ಬೇಸ್ ಸುತ್ತುತ್ತಿದ್ದ. ಒಬ್ಬ ಹುಡುಗ ಎರಡೂ ತೊಟ್ಟುಗಳನ್ನು ಎತ್ತಿ ಹೋಮ್ ಲೋಟದೊಳಗೆ ಹಾಕಿದ. ಮೂರು ರನ್. 4-3.

ಉಳಿದ ಎರಡು ಇನಿಂಗ್ಸ್ ಯಾರೂ ಬೆಂಚು ಬಿಟ್ಟು ಏಳಲಿಲ್ಲ. ಒಂಬತ್ತನೆಯದರಲ್ಲಿ ನಮ್ಮ ಹಾಫ್‌ಮನ್ ಮೂವರನ್ನೂ ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಬರೀ ಎಸೆತದಿಂದಲೇ ಔಟ್. ಕೊನೆಯವನು ಹೂಲಿಯೊ ರಾಡ್ರಿಗಸ್. ಗೆದ್ದೆವು. ಯೂನಿಟ್ಟಿನಲ್ಲಿ ಮಶಿನ್ ಪೂಜೆಗೆ ತಂದಿದ್ದ ಪೇಡೆ ಪೊಟ್ಟಣವನ್ನು ಅಪ್ಪ ಅಲ್ಲೇ ಬಿಚ್ಚಿದರು. ಅಮ್ಮ ಆಮೇಲೆ ಬೈದರು, ಅದು ಬೇರೆ ವಿಷಯ.

ಈಗ ತಿಂಡಿ. ಒಗ್ಗರಣೆ ಪ್ಲೇಟ್ 30 ರೂಪಾಯಿ, ಎರಡು ಮಿರ್ಚಿ 20. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ತಕ್ಷಣ ಹಿಂಡುತ್ತಾರೆ, ಅದಕ್ಕೇ ಮುದ್ದೆ ಆಗುವುದಿಲ್ಲ. ಈರುಳ್ಳಿ ಪೂರ್ತಿ ಬೇಯಿಸದೆ ಸ್ವಲ್ಪ ಕಚ್ಚುವ ಹಾಗೆ ಬಿಡುತ್ತಾರೆ. ಕೊನೆಗೆ ಪುಟಾಣಿ ಪುಡಿ, ನಿಂಬೆರಸ. ಪುಟಾಣಿ ಪುಡಿ ಅವತ್ತವತ್ತೇ ಕುಟ್ಟಿದ್ದು, ವಾಸನೆಯಲ್ಲೇ ಗೊತ್ತಾಗುತ್ತದೆ. ಮಿರ್ಚಿ ಹಿಟ್ಟಿಗೆ ಅಜ್ಜಿ ಓಮ ಹಾಕುತ್ತಾರೆ. ಮೇಲೆ ಗರಿಗರಿ, ಒಳಗೆ ಮೆಣಸಿನಕಾಯಿ ಪೂರ್ತಿ ಬೆಂದಿರುತ್ತದೆ. ಬಳ್ಳಾರಿಯಲ್ಲಿ ಬೇರೆ ಎಷ್ಟೋ ಕಡೆ ತಿಂದಿದ್ದೇನೆ. ನನ್ನ ಮಟ್ಟಿಗೆ ಇದೇ ಮೊದಲನೆಯದು.

ಕೊರತೆಯೂ ಇದೆ. ಚಹಾ ತುಂಬಾ ಸಿಹಿ, ಸಕ್ಕರೆ ಕಮ್ಮಿ ಅಂತ ಮೊದಲೇ ಹೇಳಬೇಕು. ಕೈ ತೊಳೆಯುವ ಜಾಗ ಹೊರಗೆ, ಡ್ರಮ್ಮಿನ ಪಕ್ಕ, ಅಲ್ಲಿ ಸದಾ ಕೆಸರು. ಗಾಡಿ ನಿಲ್ಲಿಸಲು ಜಾಗವೇ ಇಲ್ಲ. ಬೆಳಗ್ಗೆ ಐದಕ್ಕೆ ತೆಗೆಯುತ್ತಾರೆ, ಹತ್ತರ ಹೊತ್ತಿಗೆ ಒಗ್ಗರಣೆ ಖಾಲಿ. ಎಂಟರಿಂದ ಒಂಬತ್ತು ಹೊಲಿಗೆಯವರ ಗದ್ದಲ ಜಾಸ್ತಿ. ಹೆಣ್ಣುಮಕ್ಕಳು ಒಬ್ಬರೇ ಹೋದರೂ ಮುಜುಗರ ಆಗುವುದಿಲ್ಲ, ಅಜ್ಜಿ ಎದುರಿಗೇ ಕೂತಿರುತ್ತಾರೆ.

ನವೆಂಬರ್ 2ರ ಬೆಳಗ್ಗೆಯೂ ಇಲ್ಲೇ ಇದ್ದೆ. ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ, ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಮೇಲೆ. ಇನ್ನೆರಡು ಔಟ್ ಆಗಿದ್ದರೆ ಕಪ್ ನಮ್ಮದಾಗುತ್ತಿತ್ತು. ಅವರ ರೋಹಾಸ್ ಹೋಮ್ ರನ್ ಹೊಡೆದು ಸಮ ಮಾಡಿದ. 11ನೇ ಇನಿಂಗ್ಸ್‌ಗೆ ಹೋಗಿ 5-4ರಲ್ಲಿ ಸೋತೆವು. ಭಾನುವಾರ, ಅಂಗಡಿ ತುಂಬ ಜನ, ನಿಂತು ತಿನ್ನುವವರೂ ಇದ್ದರು. ನಾಲ್ಕು ತಾಸು ಆ ಮೂಲೆ ಬೆಂಚಿನಿಂದ ನನ್ನನ್ನು ಯಾರೂ ಏಳಿಸಲಿಲ್ಲ. ಮುಗಿದ ಮೇಲೆ ಅಜ್ಜಿ ಏನೂ ಕೇಳದೆ ಒಂದು ಬಿಸಿ ಮಿರ್ಚಿ ತಟ್ಟೆಗೆ ಹಾಕಿದರು.

ದುಡ್ಡು ಕೊಡುವಾಗ ಮಾಮ "ಮತ್ತೆ ಯಾವಾಗವ್ವಾ ಆಟ?" ಅಂತ ಕೇಳಿದರು. ಮಾರ್ಚ್ ಕೊನೆಗೆ ಅಂದೆ. ಆ ಮೂಲೆಗೆ ಇನ್ನೊಂದು ಪ್ಲಗ್ ಹಾಕಿಸುತ್ತೇನೆ ಅಂದರು. ಮುಂದಿನ ವಾರ ಹೋದಾಗ ನೋಡಿದೆ, ಹಾಕಿಸಿದ್ದರು. ಫ್ಯಾನೂ ತಿರುಗುತ್ತಿತ್ತು.