ಪರಿಸರ ಜಾಗೃತಿ ಕಿಟ್: ನಾಲ್ಕು ತಿಂಗಳು ಬಳಸಿದ ಮೇಲೆ 5ಕ್ಕೆ 3

ನಾವು ಏಳೆಂಟು ಜನ ಸೇರಿಕೊಂಡು ರಜಾ ದಿನಗಳಲ್ಲಿ ಪರಿಸರದ ಬಗ್ಗೆ ಮಾತಾಡೋಕೆ ಅಲ್ಲಿ ಇಲ್ಲಿ ಹೋಗುತ್ತೇವೆ. ಶಾಲೆ, ಕಾಲೇಜು ಸುಲಭ. ಕರೆದು ಕೂರಿಸಿ ಕೈಗೆ ಮೈಕ್ ಕೊಡುತ್ತಾರೆ. ಕೂಲಿಯವರು, ಗುಜರಿ ಆಯುವವರು ಇರುವ ಕಡೆ ಮಾತ್ರ ಹೋದಾಗೆಲ್ಲ ಬರಿಗೈಲಿ ವಾಪಸ್. ಅಂಥ ಕಡೆಗೆಂದೇ ಮಾಡಿದ ಕಿಟ್ ಇದೆ ಅಂತ ಗೊತ್ತಾಗಿ ತರಿಸಿದೆವು. ಮೂರು ಕಡೆ ಬಳಸಿದ್ದೇವೆ. ಮಾಡಿದವರ ಹೆಸರು ಹೇಳಲ್ಲ. ಅವರ ಉದ್ದೇಶ ಒಳ್ಳೆಯದೇ.

ಬಟ್ಟೆ ಚೀಲದಲ್ಲಿ 24 ಚಿತ್ರಪಟ, ಆರು ಆಡಿಯೋ ಕಥೆ ತುಂಬಿದ ಚಿಕ್ಕ ಸ್ಪೀಕರ್, ಸೊಳ್ಳೆ ಕಾರ್ಡುಗಳ ಒಂದು ಕಟ್ಟು, ಟಾರ್ಚ್, ಒಂದು ಕೈಪಿಡಿ, ನಾಲ್ಕು ಖಾಲಿ ಹಾಳೆ. ಚೀಲ ಗಟ್ಟಿಯಾಗಿದೆ, ಚಿತ್ರಪಟ ನೀರು ಬಿದ್ದರೂ ಹಾಳಾಗಲ್ಲ. ಸ್ಪೀಕರ್‌ನ ಚಾರ್ಜಿಂಗ್ ಪಿನ್ ಮೂರನೇ ವಾರಕ್ಕೇ ಹೋಯಿತು, ಬದಲಿ ಬರೋಕೆ ಐದು ವಾರ. ನಿಜ ಹೇಳಬೇಕೆಂದರೆ ಆ ಐದು ವಾರ ನಮ್ಮ ಕೆಲಸ ಚೆನ್ನಾಗೇ ನಡೆಯಿತು.

ಯಾಕೆಂದರೆ ಆ ಆಡಿಯೋ ಕಥೆಗಳು ಶುರುವಾಗೋದೇ 'ಜಾಗತಿಕ ತಾಪಮಾನ ಏರಿಕೆಯ ದುಷ್ಪರಿಣಾಮಗಳ ಕುರಿತು' ಅಂತ. ಕಸಕ್ಕೆ 'ಘನತ್ಯಾಜ್ಯ' ಅಂತೆ. ಕಸ ಅಂದರೆ ಏನು ಕಡಿಮೆಯಾಗುತ್ತಿತ್ತೋ ಗೊತ್ತಿಲ್ಲ. ಎರಡನೇ ನಿಮಿಷಕ್ಕೆ ಮಕ್ಕಳು ಎದ್ದು ಹೋದವು, ನಾಲ್ಕನೇ ನಿಮಿಷಕ್ಕೆ ನನಗೂ ಆಕಳಿಕೆ.

ಚಿತ್ರಪಟದಲ್ಲಿ ಮೊದಲನೆಯದೇ ಹಿಮಕರಡಿ. ಕರಗುತ್ತಿರುವ ಮಂಜುಗಡ್ಡೆ ಮೇಲೆ ಒಂಟಿಯಾಗಿ ನಿಂತಿದೆ. ಅಜ್ಜಿಯೊಬ್ಬರು ಅದನ್ನು ತುಂಬಾ ಹೊತ್ತು ನೋಡಿದರು. 'ಪಾಪ ಕಣಪ್ಪ. ಮಳೆ ಬಂದ್ರೆ ನಮ್ಮನೇಗೂ ಚರಂಡಿ ನೀರು ನುಗ್ಗುತ್ತೆ, ಅದರ ಚಿತ್ರ ಇಲ್ವಾ?' ಅಂದರು. ಇರಲಿಲ್ಲ. 24ರಲ್ಲಿ ಒಂದೂ ಇರಲಿಲ್ಲ.

ಪ್ಲಾಸ್ಟಿಕ್ ಪಟದ ದಿನ ಇನ್ನೂ ಮಜಾ. ಬಾಟಲಿಯ ತಳದ ತ್ರಿಕೋನದಲ್ಲಿ 1 ಇದ್ದರೆ ಪೆಟ್, 2 ಇದ್ದರೆ ಎಚ್‌ಡಿಪಿಇ, ಹೀಗೆ 7ರವರೆಗೆ ಪ್ಲಾಸ್ಟಿಕ್‌ನ ಬಗೆಗಳನ್ನು ಹೇಳಿಕೊಡಬೇಕಂತೆ. ನಾನು ಹೇಳುತ್ತಿದ್ದೆ. ಎದುರಿಗಿದ್ದ ಹೆಂಗಸು ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡು ಒಂದು ಸಲ ಹಿಚುಕಿದರು. 'ಹಿಂಗೆ ಚರಚರ ಅಂದ್ರೆ ಒಂದು ರಾಶಿಗೆ, ಶಾಂಪೂ ಡಬ್ಬ ಥರ ಮೆತ್ತಗೆ ದಪ್ ಅಂದ್ರೆ ಇನ್ನೊಂದಕ್ಕೆ. ನಂಬರ್ ಓದ್ತಾ ಕೂತ್ರೆ ಹೊತ್ತು ಮುಳುಗುತ್ತೆ' ಅಂದರು. ಆಮೇಲೆ ಬಕೆಟ್ ನೀರಿಗೆ ಬಾಟಲಿಯ ಮುಚ್ಚಳವನ್ನೂ, ಕತ್ತರಿಸಿದ ಬಾಟಲಿಯ ಒಂದು ಚೂರನ್ನೂ ಹಾಕಿದರು. ಮುಚ್ಚಳ ತೇಲಿತು, ಚೂರು ಮುಳುಗಿತು. ಎರಡೂ ಬೇರೆ ಬೇರೆ ಪ್ಲಾಸ್ಟಿಕ್ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ? ಅವತ್ತು ಪಾಠ ಕಲಿತದ್ದು ನಾವು. ಕೈಪಿಡಿಯಲ್ಲಿ ಇಂಥದ್ದಕ್ಕೆ ಜಾಗವೇ ಇಲ್ಲ. ಎದುರಿಗೆ ಕೂತವರಿಗೆ ಏನೂ ಗೊತ್ತಿಲ್ಲ ಅಂತ ಲೆಕ್ಕ ಹಾಕಿಯೇ ಬರೆದಿದ್ದಾರೆ.

'ಪ್ಲಾಸ್ಟಿಕ್ ಸುಡಬೇಡಿ' ಅಂತಲೂ ಒಂದು ಪಟ ಇದೆ. ಸರಿ. ಆದರೆ ಕಸದ ಗಾಡಿಯೇ ಬರದ ಓಣಿಯಲ್ಲಿ ನಿಂತು ಇದನ್ನು ಹೇಳಿದರೆ ಮುಂದಿನ ಪ್ರಶ್ನೆ ಗ್ಯಾರಂಟಿ: 'ಮತ್ತೆಲ್ಲಿ ಹಾಕೋಣ?' ಪಟದ ಹಿಂದೆ ಉತ್ತರ ಇಲ್ಲ. ಅಲ್ಲಿ ತಾಮ್ರ ತೆಗೆಯೋಕೆ ವೈರ್ ಸುಡುತ್ತಾರೆ. ವೈರಿನ ಮೇಲಿನ ಹೊದಿಕೆ ಸಾಮಾನ್ಯವಾಗಿ ಪಿವಿಸಿ ಅನ್ನೋ ಪ್ಲಾಸ್ಟಿಕ್, ಅದರಲ್ಲಿ ಕ್ಲೋರಿನ್ ಇರುತ್ತೆ, ಹಾಗಾಗಿ ಸುಟ್ಟಾಗ ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲದ ಜೊತೆಗೆ ಡಯಾಕ್ಸಿನ್ ಅನ್ನೋ ವಿಷ ಕೂಡ ಬರುತ್ತೆ. ಇದನ್ನೆಲ್ಲ ಹೇಳಿದಾಗ ತಲೆಯಾಡಿಸಿದರು ಅಷ್ಟೇ. ಆಮೇಲೆ ಒಬ್ಬರು ತಾವಾಗೇ ಹೇಳಿದರು, ಸುಟ್ಟ ತಾಮ್ರಕ್ಕಿಂತ ಸುಲಿದ ತಾಮ್ರಕ್ಕೆ ರೇಟು ಜಾಸ್ತಿ ಅಂತ. ದಪ್ಪ ವೈರನ್ನು ಬ್ಲೇಡಿನಲ್ಲಿ ಸುಲಿಯಬಹುದು, ಕೂದಲಿನಂಥ ವೈರಿಗೆ ಏನು ಮಾಡೋದು ಅನ್ನುವ ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ, ಬಿಡೋಕೆ ನಮಗೆ ಗೊತ್ತಿದ್ದರೆ ತಾನೆ.

ಕಿಟ್‌ನಲ್ಲಿ ನಿಜವಾಗಿ ದುಡ್ಡಿಗೆ ಮೋಸ ಇಲ್ಲದ್ದು ಸೊಳ್ಳೆ ಕಾರ್ಡು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ಹೆಚ್ಚಾಗಿ ನಾವು ತಿಳಿ ನೀರು ತುಂಬಿಟ್ಟುಕೊಳ್ಳುವ ಡ್ರಮ್, ಪಾತ್ರೆಗಳ ಒಳಗೋಡೆಗೇ. ಸೆಕೆ ಇದ್ದರೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗೋಕೆ ಏಳರಿಂದ ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಅನ್ನೋದು. ಬರೀ ಖಾಲಿ ಮಾಡಿದರೂ ಸಾಲದು, ಒಳಗೋಡೆ ಉಜ್ಜಬೇಕು, ಅಲ್ಲಿ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ. ಟಾರ್ಚ್ ಕೊಟ್ಟಿದ್ದು ಇದಕ್ಕೇ. ಹುಡುಗನೊಬ್ಬ ಡ್ರಮ್ಮಿನೊಳಗೆ ಬೆಳಕು ಬಿಟ್ಟ. ಮೇಲೆ ತೇಲುತ್ತಿದ್ದ ದಾರದ ತುಂಡಿನಂಥ ಮರಿಗಳೆಲ್ಲ ಒಮ್ಮೆಗೇ ಡೊಂಕುಡೊಂಕಾಗಿ ಕೆಳಗಿಳಿದವು. 'ಅಮ್ಮಾ, ಓಡ್ತಾವೆ!' ಅಂತ ಕೂಗಿದ. ಹತ್ತು ನಿಮಿಷದಲ್ಲಿ ಓಣಿಯ ಡ್ರಮ್ಮುಗಳೆಲ್ಲ ತಪಾಸಣೆ ಆಗಿದ್ದವು, ನಾವು ಸುಮ್ನೆ ಹಿಂದೆ ಹಿಂದೆ ಹೋಗಿದ್ದಷ್ಟೇ.

ಹೊತ್ತಿನ ವಿಷಯದಲ್ಲೂ ಕೈಪಿಡಿ ಎಡವಿದೆ. ಬೆಳಿಗ್ಗೆ 11ಕ್ಕೆ, 90 ನಿಮಿಷ ಅಂತ ಬರೆದಿದೆ. ಆಗ ಅಲ್ಲಿ ಇರೋದು ಬೀಗ ಹಾಕಿದ ಬಾಗಿಲು. ಸಂಜೆ ನಲ್ಲಿ ಹತ್ತಿರ ಸರದಿಯಲ್ಲಿ ನಿಂತವರ ಜೊತೆ ನಿಂತುಕೊಂಡೆವು, ಮಾತು ತಾನಾಗೇ ಬಂತು.

ಅದೇ ಕೈಪಿಡಿಯ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸಿರುವ ಗುಜರಾತಿನ ತಿಮಿಂಗಿಲ ಶಾರ್ಕ್ ಕಥೆ ಓದಿ ಹೊಟ್ಟೆ ಉರಿಯಿತು. ಜಗತ್ತಿನ ಅತಿ ದೊಡ್ಡ ಮೀನು ಅದು. ಬೇಟೆಯಾಡಬಾರದು ಅಂತ ಕಾನೂನು ಬಂದಿದ್ದು 2001ರಲ್ಲಿ, ಆದರೆ ಕಡಲ ದಂಡೆಯಲ್ಲಿ ಮಾತು ಬದಲಾಗಿದ್ದು 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಅನ್ನೋ ವನ್ಯಜೀವಿ ಸಂಸ್ಥೆ ಅಭಿಯಾನ ಶುರು ಮಾಡಿದ ಮೇಲೆ. ಊರೂರಲ್ಲಿ ರಾಮಕಥೆ ಹೇಳುವ ಪ್ರವಚನಕಾರ ಮೊರಾರಿ ಬಾಪು ಅವರನ್ನು ಕರೆತಂದರು. ಮೀನಿಗೆ 'ವ್ಹಾಲಿ' ಅಂದರು, ಅಂದರೆ ಪ್ರೀತಿಯವಳು. ತವರಿಗೆ ಹೆರಿಗೆಗೆ ಬರುವ ಮಗಳು ಅಂದರು. ಹಿಂದೆ ಬೇಟೆಯಾಡುತ್ತಿದ್ದ ಮೀನುಗಾರರೇ ಬಲೆ ಕತ್ತರಿಸಿ ನೂರಾರು ಶಾರ್ಕ್‌ಗಳನ್ನು ಬಿಟ್ಟಿದ್ದಾರೆ, ಹರಿದ ಬಲೆಗೆ ಪರಿಹಾರವೂ ಸಿಕ್ಕಿತು. ಈ ಪರಿಹಾರದ ಮಾತು ಕೈಪಿಡಿಯಲ್ಲಿ ಇಲ್ಲವೇ ಇಲ್ಲ, ನೋಡಿ.

ತಗೋಬೇಕಾ? ಸೊಳ್ಳೆ ಕಾರ್ಡು, ಟಾರ್ಚ್‌ಗೋಸ್ಕರ ತಗೊಳ್ಳಿ, ಸ್ಪೀಕರ್ ಮನೇಲೇ ಬಿಡಿ. ನಾಲ್ಕು ಖಾಲಿ ಹಾಳೆ ನಮಗೆ ಮೊದಲ ವಾರಕ್ಕೇ ಮುಗಿದವು. ಒಂದರಲ್ಲಿ ಆ ಅಜ್ಜಿಯ ಮೊಮ್ಮಗಳು ಮನೆಗೆ ನುಗ್ಗಿದ ಚರಂಡಿ ನೀರು ಬರೆದಿದ್ದಾಳೆ, ತೇಲುತ್ತಿರುವ ಚಪ್ಪಲಿ ಸಮೇತ. ಈಗ ಹಿಮಕರಡಿ ಪಟದ ಜಾಗದಲ್ಲಿ ಅದನ್ನೇ ಹಾಕಿಕೊಂಡಿದ್ದೇವೆ.